ಕ್ಲಿಯರ್ ಮಾಡಿ ಕೊಡಿ ಅನ್ನುವ ಮೊದಲು

ನಮಸ್ಕಾರ. ಉಡುಪಿ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಯಕ್ಷಗಾನ, ಕಂಬಳ, ಎಲ್ಲದರ ವಿಡಿಯೋ ಎಡಿಟ್ ಮಾಡುವುದೇ ನನ್ನ ಕೆಲಸ. ಆದರೆ ಕೆಲವು ವರ್ಷಗಳಿಂದ ಬೇರೆ ಥರದ ಜನ ಬಾಗಿಲಿಗೆ ಬರುತ್ತಿದ್ದಾರೆ. ಕೈಯಲ್ಲಿ ಮೊಬೈಲ್, ಅದರಲ್ಲಿ ಒಂದು ಮಸುಕು ವಿಡಿಯೋ. ಎಲ್ಲರ ಮಾತೂ ಒಂದೇ: "ಅಣ್ಣ, ಇದನ್ನು ಸ್ವಲ್ಪ ಕ್ಲಿಯರ್ ಮಾಡಿ ಕೊಡಿ ಮಾರಾಯ್ರೆ."

ಇವತ್ತು ಆ ಒಂದು ಮಾತಿನ ಬಗ್ಗೆಯೇ ಮಾತಾಡಬೇಕು. ಯಾಕೆಂದರೆ ನನ್ನ ಮನೆಗೇ ಬಂದ ಕಥೆ ಇದು.

ನನ್ನ ಅಕ್ಕನ ಮಗ. ಜುಲೈ ತಿಂಗಳು, ಸಂಜೆ, ಜೋರು ಮಳೆ. ಕೆಲಸ ಮುಗಿಸಿ ಸ್ಕೂಟರ್‌ನಲ್ಲಿ ಬರುತ್ತಿದ್ದ. ಹೈವೇಯಿಂದ ಊರಿನ ರಸ್ತೆಗೆ ತಿರುಗುವಲ್ಲಿ ಒಂದು ಬಿಳಿ ಕಾರು ಗುದ್ದಿ, ನಿಲ್ಲಿಸದೆ ಹೋಯಿತು. ಎದುರಿನ ಅಂಗಡಿಯಲ್ಲಿ ಸಿಸಿಟಿವಿ ಇತ್ತು. ಅಂಗಡಿಯವರು ಪಾಪ ಒಳ್ಳೆಯವರು, ಕೂಡಲೇ ಮಾನಿಟರ್‌ನಲ್ಲಿ ತೋರಿಸಿದರು. ಹುಡುಗನ ಸ್ನೇಹಿತ ಆ ಮಾನಿಟರನ್ನೇ ಮೊಬೈಲ್‌ನಲ್ಲಿ ಶೂಟ್ ಮಾಡಿಕೊಂಡ. ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಎಲ್ಲರಿಗೂ ಸಮಾಧಾನ ಆಯಿತು. ವಿಡಿಯೋ ಉಂಟಲ್ಲ, ಇನ್ನೆಂತ ಅಂತ.

ಆಸ್ಪತ್ರೆ ಓಡಾಟದಲ್ಲಿ ಮೂರು ವಾರ ಹೋಯಿತು. ನನ್ನ ಹತ್ತಿರ ಆ ಕ್ಲಿಪ್ ಬಂದದ್ದು ಆಮೇಲೆ. ನಾನು ಮೊದಲು ಕೇಳಿದ್ದು, ಅಂಗಡಿಯ ಸಿಸಿಟಿವಿ ವಿಡಿಯೋ ಉಳಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನಿಂದ ಕಾಪಿ ತೆಗೆದಿದ್ದೀರಾ ಅಂತ. ತೆಗೆದಿರಲಿಲ್ಲ. ಅಂಗಡಿಗೆ ಓಡಿದೆವು. ಆ ಡಿವಿಆರ್‌ನ ಹಾರ್ಡ್ ಡಿಸ್ಕ್‌ನಲ್ಲಿ ಹಿಡಿಯುವುದು ಹದಿನೈದು ದಿನದ್ದು ಮಾತ್ರ. ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ಬರೆಯುತ್ತಾ ಹೋಗುತ್ತದೆ. ನಮ್ಮ ಆ ಸಂಜೆ ಅಳಿಸಿ ಹೋಗಿತ್ತು.

ಉಳಿದದ್ದು ಆ ಮೊಬೈಲ್ ಕ್ಲಿಪ್. ಅದನ್ನು ದೊಡ್ಡದು ಮಾಡಿ ನೋಡಿದೆ. ಮಾನಿಟರಿನ ಗೆರೆಗಳು, ಟ್ಯೂಬ್‌ಲೈಟಿನ ಪ್ರತಿಬಿಂಬ, ಮಳೆಯ ಗೀರು. ಕಾರಿನ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಹದಿನಾಲ್ಕು ಚುಕ್ಕೆ (ಪಿಕ್ಸೆಲ್) ಅಗಲ, ನಾಲ್ಕು ಚುಕ್ಕೆ ಎತ್ತರದ ಒಂದು ಬೂದು ಪಟ್ಟಿ. ಅಷ್ಟೇ. ಒಂದು ಪ್ಲೇಟಿನಲ್ಲಿ ಹೆಚ್ಚುಕಡಿಮೆ ಹತ್ತು ಅಕ್ಷರ ಇರುತ್ತದೆ ಅಲ್ವಾ? ಹದಿನಾಲ್ಕು ಚುಕ್ಕೆಯಲ್ಲಿ ಹತ್ತು ಅಕ್ಷರ ಹೇಗೆ ಕೂರುತ್ತದೆ? 3 ಮತ್ತು 8ರ ನಡುವಿನ ವ್ಯತ್ಯಾಸ ತೋರಿಸುವಷ್ಟು ಜಾಗವೇ ಅಲ್ಲಿಲ್ಲ.

ಆಗ ಗೊತ್ತಿದ್ದ ಹುಡುಗ ಒಬ್ಬ ಬಂದ. "ಎಐ ಆ್ಯಪ್ ಉಂಟು, ಹಾಕಿ ನೋಡುವ" ಅಂದ. ಹಾಕಿದೆವು. ಅರ್ಧ ನಿಮಿಷದಲ್ಲಿ ನಂಬರ್ ಬಂತು. ಕೆಎ 20, ಮುಂದೆ ಎರಡು ಅಕ್ಷರ, ನಾಲ್ಕು ಅಂಕಿ. ಕನ್ನಡಿಯ ಹಾಗೆ ಸ್ಪಷ್ಟ. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಅವಳ ಕಣ್ಣಲ್ಲಿ ನೀರು ಬಂತು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ವಿಡಿಯೋದ ಒಂದೊಂದು ಚಿತ್ರಕ್ಕೆ ಫ್ರೇಮ್ ಅನ್ನುತ್ತಾರೆ; ಪಕ್ಕದ ಎರಡು ಫ್ರೇಮ್ ತೆಗೆದು ಮತ್ತೆ ಹಾಕಿದೆ. ಅದೇ ಕಾರು, ಅದೇ ಕ್ಷಣ. ಮೂರು ಫ್ರೇಮಿಗೆ ಮೂರು ಬೇರೆ ಬೇರೆ ನಂಬರ್.

ಮೊದಲನೇ ನಂಬರ್ ಹಿಡಿದುಕೊಂಡು ಹೋಗಿದ್ದರೆ ಯಾರದೋ ಮನೆ ಬಾಗಿಲು ಬಡಿಯುತ್ತಿದ್ದೆವು. ಏನೂ ಮಾಡದ ಒಬ್ಬ ಮನುಷ್ಯನ ಮನೆ.

ಇದು ಆ್ಯಪ್‌ನ ಮೋಸ ಅಂತ ತಿಳಿಯಬೇಡಿ. ಅದರ ಕೆಲಸವೇ ಅದು. ಸಾವಿರಾರು ಚಿತ್ರ ನೋಡಿ ಕಲಿತಿರುತ್ತದೆ, ಬೂದು ಪಟ್ಟಿ ಕಂಡರೆ ಇಲ್ಲಿ ಎಂಥ ಅಕ್ಷರ ಇರಬಹುದು ಅಂತ ಊಹಿಸಿ ಬರೆಯುತ್ತದೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಅಂತ ಒಂದು ಸಾಫ್ಟ್‌ವೇರ್ ಬಿಟ್ಟರು. ಅದಕ್ಕೆ ಬರಾಕ್ ಒಬಾಮ ಅವರ ಮಸುಕು ಫೋಟೋ ಕೊಟ್ಟಾಗ ಬಂದದ್ದು ಒಬ್ಬ ಬಿಳಿಯ ಮನುಷ್ಯನ ಮುಖ. ಚೆನ್ನಾಗಿಯೇ ಇತ್ತು ಆ ಮುಖ. ಒಬಾಮ ಮಾತ್ರ ಆಗಿರಲಿಲ್ಲ.

ಹಾಗಾದರೆ ಮಸುಕನ್ನು ಸರಿ ಮಾಡುವ ನ್ಯಾಯವಾದ ದಾರಿಯೇ ಇಲ್ವಾ? ಇದೆ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ತೆಗೆದಿದ್ದರೆ, ಆ ಕಾರು ಎರಡು ಸೆಕೆಂಡು ಕಂಡಿದ್ದರೆ, ಒಂದೇ ಪ್ಲೇಟಿನ 50 ಚಿತ್ರ ಇರುತ್ತದೆ. ಅವನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆದರೆ ಮಳೆಯ ಗೀರು, ಚಿತ್ರದ ಕಾಳುಕಾಳು ಚುಕ್ಕೆ ಕಡಿಮೆಯಾಗುತ್ತದೆ, ಪ್ಲೇಟಿನ ಅಕ್ಷರ ಉಳಿಯುತ್ತದೆ. ಬೆಳಕು ಏರಿಸಬಹುದು, ಓರೆಯಾದದ್ದನ್ನು ನೇರ ಮಾಡಬಹುದು. ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ ಅಂತ ಬರೆದಿಟ್ಟರೆ ಇನ್ನೊಬ್ಬರು ಅದನ್ನೇ ಮಾಡಿ ಅದೇ ಫಲಿತಾಂಶ ಪಡೆಯಬೇಕು. ಆದರೆ ಇದೆಲ್ಲ ಆಗುವುದು ಡಿವಿಆರ್‌ನಿಂದ ತೆಗೆದ ಮೂಲ ಫೈಲ್ ಕೈಯಲ್ಲಿದ್ದರೆ. ಮಾನಿಟರಿನ ಫೋಟೋದಲ್ಲಿ ಅಲ್ಲ.

ಮೂಲ ಫೈಲ್ ಅಂದರೆ ಅಂಥದ್ದೇನು? ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರುವ ಒಂದು ಚಿತ್ರ ತೆಗೆದುಕೊಳ್ಳುವ. ಮಳೆಗಾಲ ಬಂದರೆ ಸಾಕು, ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲ ಪೋಷಕರ ಗ್ರೂಪಿನಲ್ಲೂ ಒಂದು ಕಾಗದ ಓಡಾಡುತ್ತದೆ. ನಾಳೆ ಶಾಲೆಗಳಿಗೆ ರಜೆ, ಜಿಲ್ಲಾಧಿಕಾರಿಗಳ ಆದೇಶ. ಕೆಲವು ಸಲ ಅದು ಹಿಂದಿನ ಆದೇಶವೇ, ತಾರೀಖು ಮಾತ್ರ ಬದಲಾಯಿಸಿದ್ದು.

ಅಂಥ ಒಂದು ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಎಂಟು ಪಟ್ಟು ದೊಡ್ಡದು ಮಾಡಿ ನೋಡಿ. ಫೋಟೋ ಉಳಿಸುವ ಜೆಪೆಗ್ ಅನ್ನುವ ವಿಧಾನ ಚಿತ್ರವನ್ನು 8 ಚುಕ್ಕೆ ಉದ್ದ, 8 ಚುಕ್ಕೆ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಟ್ಟು ಕುಗ್ಗಿಸುತ್ತದೆ. ಹಾಗೆ ಬಿಡುವಾಗ ಕಪ್ಪು ಅಕ್ಷರದ ಸುತ್ತ, ಬಿಳಿ ಕಾಗದದ ಮೇಲೆ, ಸಣ್ಣ ಸಣ್ಣ ಬೂದು ಕೊಳೆ ಉಳಿಯುತ್ತದೆ. ಶಾಯಿ ಹರಡಿದ ಹಾಗೆ. ಮೂಲ ಆದೇಶದ ಎಲ್ಲ ಅಕ್ಷರಕ್ಕೂ ಆ ಕೊಳೆ ಇರುತ್ತದೆ. ತಾರೀಖಿನ ಅಂಕಿಯನ್ನು ಆಮೇಲೆ ಕೂರಿಸಿದ್ದರೆ ಅದರ ಸುತ್ತ ಮಾತ್ರ ತೊಳೆದಿಟ್ಟ ಬಿಳಿ. ಸ್ಕ್ಯಾನ್ ಮಾಡಿದ ಕಾಗದದ ಬಿಳಿಯಲ್ಲಿ ತುಸು ಹಳದಿ ಇರುತ್ತದೆ. ಅಂಟಿಸಿದ ಬಿಳಿಯಲ್ಲಿ ಅದೂ ಇಲ್ಲ. ಸರ್ಕಾರಿ ಕಾಗದದಲ್ಲಿ ಅಕ್ಷರ ನುಡಿ ಫಾಂಟಿನದ್ದು, ಹೊಸ ಅಂಕಿ ಮೊಬೈಲ್ ಆ್ಯಪಿನದ್ದು. ಸೊನ್ನೆಯ ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ.

ಈಗ ಆ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಮೊದಲ ಸಲ ಕಳಿಸುವಾಗಲೇ ಅದು ಚಿತ್ರವನ್ನು ಚಿಕ್ಕದು ಮಾಡಿ ಇನ್ನೊಮ್ಮೆ ಕುಗ್ಗಿಸುತ್ತದೆ. ಈಗ ಹೊಸ ಅಂಕಿಯ ಸುತ್ತಲೂ ಕೊಳೆ ಬಂತು. ಅದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದರು, ಸ್ಟೇಟಸ್‌ಗೆ ಹಾಕಿದರು, ಅಲ್ಲಿಂದ ಮತ್ತೊಬ್ಬರು ತೆಗೆದರು. ಪ್ರತಿ ಸಲ ಒಂದೊಂದು ಪದರ. ಕೊನೆಗೆ ಸುಳ್ಳು ಅಂಕಿ, ನಿಜ ಅಕ್ಷರ ಎರಡಕ್ಕೂ ಒಂದೇ ಬಣ್ಣ, ಒಂದೇ ಕೊಳೆ. ಜೊತೆಗೆ ಫೈಲ್ ಒಳಗೆ ಬರೆದಿದ್ದ ವಿವರವೂ ಹೋಯಿತು. ಯಾವ ಫೋನ್, ಎಷ್ಟು ಹೊತ್ತಿಗೆ, ಎಲ್ಲಿ ತೆಗೆದದ್ದು, ಎಲ್ಲ.

ಅದಕ್ಕೇ ನಾನು ಕಳಿಸುವವರಿಗೆ ಹೇಳುವುದು, ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಆಗ ಫೈಲ್ ಇದ್ದ ಹಾಗೇ ಬರುತ್ತದೆ.

ಕ್ಯಾಮೆರಾದ ಒಳಗೆ ಇನ್ನೂ ಸೂಕ್ಷ್ಮ ಗುರುತು ಇರುತ್ತದೆ. ನಮ್ಮ ಮನೆಯ ದೋಸೆ ಕಾವಲಿಯಲ್ಲಿ ಒಂದು ಮೂಲೆ ಯಾವಾಗಲೂ ಜಾಸ್ತಿ ಕೆಂಪಾಗುತ್ತದೆ ಅಲ್ವಾ? ದೋಸೆ ನೋಡಿಯೇ ಇದು ಅಮ್ಮನ ಕಾವಲಿಯದ್ದು ಅನ್ನಬಹುದು. ಕ್ಯಾಮೆರಾದ ಸೆನ್ಸರ್ ಕೂಡ ಹಾಗೆ. ಲಕ್ಷಾಂತರ ಕಣಗಳಲ್ಲಿ ಕೆಲವು ಬೆಳಕಿಗೆ ತುಸು ಹೆಚ್ಚು, ಕೆಲವು ತುಸು ಕಡಿಮೆ ಸ್ಪಂದಿಸುತ್ತವೆ. ಒಂದೇ ಕಂಪನಿಯ ಒಂದೇ ಮಾಡೆಲಿನ ಎರಡು ಫೋನಿಗೂ ಇದು ಬೇರೆ ಬೇರೆ. ಇದನ್ನು ಹಿಡಿದು ಫೋಟೋ ಯಾವ ಕ್ಯಾಮೆರಾದ್ದು ಅಂತ ಗುರುತಿಸುವ ವಿಧಾನವನ್ನು ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫ್ರಿಡ್ರಿಚ್ ಮತ್ತು ಅವರ ಜೊತೆಯವರು 2006ರಲ್ಲಿ ಪ್ರಕಟಿಸಿದರು. ಚಿತ್ರವನ್ನು ಕುಗ್ಗಿಸಿದಷ್ಟೂ ಈ ಗುರುತು ಮಂಕಾಗುತ್ತದೆ.

ಧ್ವನಿಗೂ ಇದೇ ಮಾತು. ಕರೆಂಟಿಗೆ ಒಂದು ಗುಂಯ್ ಶಬ್ದ ಇದೆ. ನಮ್ಮ ದೇಶದಲ್ಲಿ ಕರೆಂಟ್ 50 ಹರ್ಟ್ಸ್‌ನದ್ದು. ಆದರೆ ಸರಿಯಾಗಿ 50ರಲ್ಲಿ ನಿಲ್ಲುವುದಿಲ್ಲ, ಕ್ಷಣಕ್ಷಣಕ್ಕೂ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಫ್ರಿಜ್ ಪಕ್ಕದಲ್ಲಿ ಕೂತು ಮಾತು ರೆಕಾರ್ಡ್ ಮಾಡಿದರೆ ಆ ಏರಿಳಿತವೂ ಮಾತಿನ ಕೆಳಗೆ ಸೇರಿಕೊಳ್ಳಬಹುದು. ನಡುವೆ ಅರ್ಧ ನಿಮಿಷ ಕತ್ತರಿಸಿ ಜೋಡಿಸಿದರೆ ಮಾತು ಹೊಂದಬಹುದು, ಕೆಳಗಿನ ಗುಂಯ್ ಹೊಂದುವುದಿಲ್ಲ, ಅಲ್ಲೇ ಮುರಿಯುತ್ತದೆ. ಲಂಡನ್ ಪೊಲೀಸರು ಈ ಏರಿಳಿತವನ್ನು ವರ್ಷಗಟ್ಟಲೆ ದಾಖಲಿಸಿಟ್ಟು, ರೆಕಾರ್ಡಿಂಗ್ ಯಾವಾಗಿನದ್ದು ಅಂತ ಹೋಲಿಸಿ ನೋಡುತ್ತಾರೆ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ ಲೈನ್ ಮೂಲಕ ದಕ್ಷಿಣದ ಗ್ರಿಡ್, ಅಂದರೆ ಕರೆಂಟ್ ಲೈನುಗಳ ಜಾಲ, ಉಳಿದ ಭಾರತದ ಗ್ರಿಡ್‌ಗೆ ಸೇರಿತು. ಅಂದಿನಿಂದ ಸುರತ್ಕಲ್ಲಿಗೂ ದೆಹಲಿಗೂ ಒಂದೇ ಗುಂಯ್. ನನಗೆ ಇದನ್ನು ಓದಿದಾಗ ಮೈ ಜುಂ ಅಂದಿತ್ತು. ಅಂದರೆ ಅದನ್ನು ಕೇಳಿ ಯಾವ ಊರು ಅಂತ ಹೇಳಲು ಕಷ್ಟ, ಯಾವ ಹೊತ್ತು ಅಂತ ಹೇಳಲು ದಾರಿ ಇದೆ. ಮಳೆಗೆ ಕರೆಂಟ್ ಹೋಗಿ ಮನೆ ಇನ್ವರ್ಟರ್‌ನಲ್ಲಿದ್ದರೆ ಮಾತ್ರ ಅದರದ್ದೇ ಬೇರೆ ರಾಗ.

ಹಳೆಯ ಕಾಲದ ಟೇಪಿನಲ್ಲೂ ಹೀಗೇ ಆಗಿತ್ತು. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ 1972ರ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಮಾತೇ ಇರಲಿಲ್ಲ. ಆರು ಮಂದಿ ತಜ್ಞರು ಮೂಲ ಟೇಪನ್ನೂ ರೆಕಾರ್ಡರನ್ನೂ ಇಟ್ಟುಕೊಂಡು, ಬಟನ್ ಒತ್ತಿದಾಗ ಟೇಪಿನ ಮೇಲೆ ಉಳಿಯುವ ಗುರುತುಗಳನ್ನು ಪರೀಕ್ಷಿಸಿದರು. ಕಡಿಮೆ ಅಂದರೂ ಐದು ಸಲ ಬೇರೆ ಬೇರೆಯಾಗಿ ಅಳಿಸಿದ್ದಾರೆ ಅಂತ 1974ರಲ್ಲಿ ವರದಿ ಕೊಟ್ಟರು.

ಯಾರ ಧ್ವನಿ ಅಂತ ಹೇಳುವುದು ಇನ್ನೂ ಕಷ್ಟದ ಕೆಲಸ, ನಮ್ಮ ಕಡೆ ಅಂತೂ ಜಾಸ್ತಿ. ಒಬ್ಬನೇ ಮನುಷ್ಯ ಅಮ್ಮನ ಹತ್ತಿರ ತುಳು, ಬಸ್ಸಿನಲ್ಲಿ ಕನ್ನಡ, ಮಾರ್ಕೆಟಿನಲ್ಲಿ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತಾನೆ. ರೆಕಾರ್ಡಿಂಗ್ ತುಳುವಿನದ್ದಾಗಿ, ಹೋಲಿಸಲು ತೆಗೆದ ಮಾದರಿ ಕನ್ನಡದ್ದಾದರೆ ತೀರ್ಮಾನ ದುರ್ಬಲವಾಗುತ್ತದೆ. ಧ್ವನಿ ಮಾದರಿ ಕೊಡಲು ಮ್ಯಾಜಿಸ್ಟ್ರೇಟ್ ಆದೇಶಿಸಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಗ್ರೂಪಿನಲ್ಲಿ ಕೂತು "ಇದು ಅವನದೇ ಸ್ವರ" ಅಂತ ತೀರ್ಪು ಕೊಡುವವರನ್ನು ಕಂಡರೆ ನನಗೆ ಭಯ ಆಗುತ್ತದೆ.

ಇನ್ನೊಂದು ವಿಷಯ ತುಂಬಾ ಮಂದಿಗೆ ತಪ್ಪುತ್ತದೆ. ಫೈಲ್ ಅಸಲಿ ಅಂದ ಮಾತ್ರಕ್ಕೆ ಅದರ ಜೊತೆ ಬಂದ ಮಾತು ಅಸಲಿ ಆಗುವುದಿಲ್ಲ. ಶಿರಾಡಿ ಘಾಟಿಯ ಹಳೆಯ ಗುಡ್ಡ ಕುಸಿತದ ವಿಡಿಯೋವನ್ನು "ಈಗಷ್ಟೇ" ಅಂತ ಹಾಕುತ್ತಾರೆ. ಲ್ಯಾಬಿಗೆ ಕೊಟ್ಟರೆ, ಇದರಲ್ಲಿ ಕತ್ತರಿ ಆಡಿಸಿಲ್ಲ ಅಂತಲೇ ಬರಬಹುದು. ಅದು ನಿಜವೂ ಹೌದು. ಸುಳ್ಳು ಇರುವುದು ಆ ಒಂದು ಸಾಲಿನಲ್ಲಿ. ಫೋಟೋ ಹಾಕಿದರೆ "97 ಶೇಕಡ ನಕಲಿ" ಅಂತ ಹೇಳುವ ವೆಬ್‌ಸೈಟ್‌ಗಳನ್ನೂ ಹೀಗೇ ನಂಬುತ್ತಾರೆ. ಯಾಕೆ 97, ಏನು ನೋಡಿ 97 ಅಂತ ಅದು ಹೇಳುವುದಿಲ್ಲ. ಕಾರಣ ಹೇಳದ ಅಂಕಿ ನನಗೆ ಸಾಕ್ಷಿ ಅಲ್ಲ.

ಕಾನೂನು ಕೂಡ ಮೂಲದ ಕಡೆಗೇ ಕೈ ತೋರಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೋರ್ಟಿಗೆ ಒಂದು ಪ್ರಮಾಣಪತ್ರ ಕೊಡಬೇಕು. ಎರಡು ಭಾಗ, ಒಂದು ಕೊಡುವವರದ್ದು, ಇನ್ನೊಂದು ತಜ್ಞರದ್ದು. ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು. ಎಸ್‌ಎಚ್‌ಎ-256 ಅನ್ನುವ ಲೆಕ್ಕ ಹಾಕಿದರೆ ಎಷ್ಟೇ ದೊಡ್ಡ ವಿಡಿಯೋ ಇರಲಿ, 64 ಅಕ್ಷರದ ಒಂದು ಸಾಲು ಬರುತ್ತದೆ. ಫೈಲಿನ ಹೆಸರು ಬದಲಿಸಿ, ಸಾಲು ಹಾಗೇ ಇರುತ್ತದೆ. ಒಳಗೆ ಒಂದೇ ಒಂದು ಚುಕ್ಕೆಯ ಬಣ್ಣ ತುಸು ಬದಲಿಸಿ, ಇಡೀ ಸಾಲು ಬೇರೆ.

ಅಕ್ಕನ ಮಗನಿಗೆ ಗುದ್ದಿದ ಕಾರು ಇವತ್ತಿಗೂ ಸಿಕ್ಕಿಲ್ಲ. ಮೆಟ್ಟಿಲು ಹತ್ತುವಾಗ ಅವನ ಮಂಡಿ ಈಗಲೂ ನೋಯುತ್ತದೆ.

ಮೊನ್ನೆ ಮಳೆಗಾಲ ಶುರುವಾದ ವಾರ ನಮ್ಮ ಬೀದಿಯ ಒಬ್ಬರು ಅಕ್ಕ ಫೋನ್ ಮಾಡಿದರು. ಬಸ್ ಸ್ಟಾಪಿನಲ್ಲಿ ಅವರ ಗಂಡನಿಗೆ ಬೈಕ್ ತಾಗಿ ಕೈ ಮುರಿದಿತ್ತು. "ವಿಡಿಯೋ ಕಳಿಸುತ್ತೇನೆ, ಕ್ಲಿಯರ್ ಮಾಡಿ ಕೊಡ್ತೀರಾ?" ಅಂದರು. ಕಳಿಸಬೇಡಿ ಅಕ್ಕ, ನಾನೇ ಬರುತ್ತೇನೆ ಅಂದೆ. ಆ ಸಂಜೆಯೇ ಅಂಗಡಿಗೆ ಹೋದೆವು. ಡಿವಿಆರ್‌ನ ಗಡಿಯಾರದ ಪಕ್ಕದಲ್ಲಿ ನನ್ನ ಮೊಬೈಲಿನ ಸಮಯ ಹಿಡಿದು ಫೋಟೋ ತೆಗೆದೆ. ಡಿವಿಆರ್ ಹನ್ನೊಂದು ನಿಮಿಷ ಮುಂದಿತ್ತು. ಇದನ್ನು ಬರೆದಿಡದಿದ್ದರೆ ನಾಳೆ ಯಾರಾದರೂ, ಆ ಹೊತ್ತಿಗೆ ನನ್ನ ಬೈಕ್ ಬೇರೆ ಕಡೆ ಇತ್ತು ಅನ್ನಬಹುದು. ಅರ್ಧ ಗಂಟೆ ಮೊದಲಿನಿಂದ ಅರ್ಧ ಗಂಟೆ ನಂತರದವರೆಗೆ, ಡಿವಿಆರ್‌ನದ್ದೇ ಫಾರ್ಮ್ಯಾಟಿನಲ್ಲಿ, ಅದನ್ನು ನೋಡುವ ಪ್ಲೇಯರ್ ಸಮೇತ, ಎರಡು ಹೊಸ ಪೆನ್ ಡ್ರೈವಿಗೆ ತೆಗೆದೆವು. ಅಲ್ಲೇ ಲ್ಯಾಪ್‌ಟಾಪ್‌ನಲ್ಲಿ ಹ್ಯಾಶ್ ತೆಗೆದು, 64 ಅಕ್ಷರವನ್ನೂ ಅಂಗಡಿಯವರ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಬರೆದೆ. ಅಂಗಡಿಯವರು ಓದಿದರು, ಅಕ್ಕ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಸರಿ ಉಂಟಾ ಅಂತ ನೋಡಿದರು. ಮೂವರೂ ಸಹಿ ಹಾಕಿದೆವು, ಸಮಯ ಏಳು ಗಂಟೆ ಇಪ್ಪತ್ತು ನಿಮಿಷ. ಒಂದು ಪೆನ್ ಡ್ರೈವ್ ಆ ರಾತ್ರಿಯೇ ಸ್ಟೇಷನ್‌ಗೆ ಹೋಯಿತು. ಇನ್ನೊಂದು ಕವರಿನಲ್ಲಿ ಅಕ್ಕನ ಗೋದ್ರೆಜ್ ಒಳಗಿದೆ.