ಅನಸ್ತೇಸಿಯಸ್: ಬೊಕ್ಕಸ ತುಂಬಿಸಿದ ಚಕ್ರವರ್ತಿ

ಕೇಳುಗರಿಗೆ ನಮಸ್ಕಾರ. ರೋಮನ್ ಚಕ್ರವರ್ತಿಗಳ ಮಾತು ಬಂದಾಗ ದಂಡೆತ್ತಿ ಹೋದವರ ಹೆಸರುಗಳೇ ಮೊದಲು ನೆನಪಾಗುತ್ತವೆ. ಲೆಕ್ಕಪತ್ರ ಸರಿಪಡಿಸಿದ ಅನಸ್ತೇಸಿಯಸ್‌ನನ್ನು ನೆನೆಯುವವರು ವಿರಳ. ಕ್ರಿ.ಶ. 491ರಲ್ಲಿ ಚಕ್ರವರ್ತಿ ಜೀನೋ ತೀರಿಕೊಂಡಾಗ, ಆತನ ವಿಧವೆ ಅರಿಯಾಡ್ನೆ, ಪೂರ್ವ ರೋಮನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯಲ್ಲಿ ಅಧಿಕಾರಿಯಾಗಿದ್ದ, ಅರವತ್ತರ ಆಸುಪಾಸಿನ ಈತನನ್ನು ಪಟ್ಟಕ್ಕೆ ಆರಿಸಿ, ಕೆಲವೇ ವಾರಗಳಲ್ಲಿ ಮದುವೆಯೂ ಆದಳು.

ಆ ಕಾಲದಲ್ಲಿ ವ್ಯಾಪಾರಿಗಳೂ ಕುಶಲಕರ್ಮಿಗಳೂ ಕ್ರಿಸಾರ್ಗಿರಾನ್ ಎಂಬ ತೆರಿಗೆ ಕಟ್ಟಬೇಕಿತ್ತು. ನಾಲ್ಕು ವರ್ಷಕ್ಕೊಮ್ಮೆ ಎಡೆಸ್ಸಾ ನಗರವೊಂದೇ ತೆರುತ್ತಿದ್ದದ್ದು 140 ರೋಮನ್ ಪೌಂಡ್ ಚಿನ್ನ. 498ರಲ್ಲಿ ಅನಸ್ತೇಸಿಯಸ್ ಅದನ್ನು ರದ್ದುಪಡಿಸಿದ ಸುದ್ದಿ ಮುಟ್ಟಿದಾಗ ಆ ಊರಿನವರು ಬಿಳಿಯ ಬಟ್ಟೆಯುಟ್ಟು, ದೀಪ ಹಿಡಿದು ಮೆರವಣಿಗೆ ಹೊರಟರೆಂದು ಸಿರಿಯಾಕ್ ಭಾಷೆಯ ವೃತ್ತಾಂತವೊಂದು ಬಣ್ಣಿಸುತ್ತದೆ.

ನಾಣ್ಯ ಸುಧಾರಣೆಯೂ ಅದೇ ವರ್ಷದ್ದು. ಸಾಲಿಡಸ್ ಎಂಬ ಚಿನ್ನದ ನಾಣ್ಯ ಗಟ್ಟಿಯಾಗಿಯೇ ಇತ್ತು. ಆದರೆ ಬಡವರ ಕೈಗೆ ಬರುತ್ತಿದ್ದದ್ದು ನುಮ್ಮಸ್ ಎಂಬ, ಉಗುರಿನಷ್ಟಗಲದ ತಾಮ್ರದ ಚೂರು. ಸಣ್ಣ ಕೊಳ್ಳುವಿಕೆಗೂ ಅದನ್ನು ರಾಶಿ ಹಾಕಿ ಎಣಿಸಬೇಕಾಗಿದ್ದ ಪೇಟೆಗೆ, ಅನಸ್ತೇಸಿಯಸ್ ನಲವತ್ತು ನುಮ್ಮಸ್ ಬೆಲೆಯ ದೊಡ್ಡ ನಾಣ್ಯವನ್ನು ಟಂಕಿಸಿ ಕೊಟ್ಟ. ಅದರ ಮೇಲಿನ ದೊಡ್ಡ ಎಂ ಅಕ್ಷರ ಗ್ರೀಕರ ಎಣಿಕೆಯಲ್ಲಿ ನಲವತ್ತರ ಗುರುತು. ನನ್ನ ಮಟ್ಟಿಗೆ ಆತನ ಆಳ್ವಿಕೆಯ ನಿಜವಾದ ಸ್ಮಾರಕ ಆ ತಾಮ್ರದ ಬಿಲ್ಲೆ.

ಪರ್ಷಿಯದೊಂದಿಗಿನ ಯುದ್ಧದ ಬಳಿಕ ಗಡಿಯಲ್ಲಿ ದಾರಾ ಕೋಟೆಯನ್ನು ಕಟ್ಟಿಸಿದ್ದೂ ಈತನೇ. ಧರ್ಮದ ವಿಷಯದಲ್ಲಿ ಮಾತ್ರ ಆತನ ಜಾಣತನ ನಡೆಯಲಿಲ್ಲ. ಕ್ರಿಸ್ತನ ಸ್ವರೂಪ ಕುರಿತ ವಿವಾದದಲ್ಲಿ ಆತ ರಾಜಧಾನಿಯ ಬಹುಜನರು ಒಪ್ಪದ ಪಕ್ಷಕ್ಕೆ ಒಲಿದಿದ್ದರಿಂದ 512ರಲ್ಲಿ ಅಲ್ಲಿ ದಂಗೆಯೆದ್ದಿತು. ಎಂಬತ್ತು ದಾಟಿದ್ದ ಮುದುಕ ಕಿರೀಟವಿಲ್ಲದೆ ರಥಪಂದ್ಯದ ಮೈದಾನಕ್ಕೆ ಬಂದು, ಪಟ್ಟ ಬಿಡಲು ಸಿದ್ಧನೆಂದು ಸಾರಿದ. ಆ ನೋಟಕ್ಕೇ ಗುಂಪು ತಣ್ಣಗಾಯಿತು.

518ರಲ್ಲಿ ಆತ ತೀರಿಕೊಂಡಾಗ ಬೊಕ್ಕಸದಲ್ಲಿ 3,20,000 ಪೌಂಡ್, ಅಂದರೆ ನೂರು ಟನ್ನಿಗೂ ಮಿಕ್ಕ ಚಿನ್ನವಿತ್ತೆಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಇದರಲ್ಲಿ ರೈತರಿಂದ ಹಿಂಡಿದ್ದೂ ಇತ್ತು, ಅದನ್ನು ಮರೆಮಾಚಬೇಕಿಲ್ಲ. ಮುಂದೆ ಚಕ್ರವರ್ತಿ ಜಸ್ಟೀನಿಯನ್ ಕೈಬಿಚ್ಚಿ ಖರ್ಚು ಮಾಡುವ ಹೊತ್ತಿಗೆ ರಾಜ್ಯಕ್ಕಿದ್ದ ಆಸರೆ ಈ ಉಳಿತಾಯ. 532ರಲ್ಲಿ ದಂಗೆಕೋರರು ಅನಸ್ತೇಸಿಯಸ್‌ನ ಸೋದರಳಿಯ ಹೈಪೇಷಿಯಸ್‌ಗೆ ಪಟ್ಟ ಕಟ್ಟಿ, ಅದೇ ಮೈದಾನಕ್ಕೆ ಕರೆತಂದರು. ಜಸ್ಟೀನಿಯನ್ ಅವನನ್ನು ಕೊಲ್ಲಿಸಿ, ಹೆಣವನ್ನು ಸಮುದ್ರಕ್ಕೆ ಎಸೆಸಿದ, ಕೆಲವೇ ವಾರಗಳಲ್ಲಿ ಹಾಗಿಯಾ ಸೋಫಿಯಾ ಎಂಬ ಮಹಾ ಚರ್ಚಿನ ಕಟ್ಟಡಕ್ಕೆ ಕೈಹಾಕಿದ.