ಚರ್ಮದ ಕ್ಯಾನ್ಸರ್: ಶಸ್ತ್ರಚಿಕಿತ್ಸೆ ಬೇಡದ ಸಂದರ್ಭಗಳು

ಕೇಳುಗರಿಗೆ ನಮಸ್ಕಾರ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಶೇಂಗಾ ಹೊಲಗಳಲ್ಲಿ ಜೀವಮಾನವಿಡೀ ಬಿಸಿಲಿಗೆ ಮೈಯೊಡ್ಡಿದವರಿಗೂ ಚರ್ಮದ ಕ್ಯಾನ್ಸರ್ ಬರುವುದು ಅಪರೂಪ. ನಮ್ಮ ಮೈಬಣ್ಣವೇ ಅಷ್ಟರಮಟ್ಟಿಗೆ ಕಾಯುತ್ತದೆ. ಅಪರೂಪವಾದ್ದರಿಂದಲೇ ಬಂದಾಗ ಗುರುತು ಹತ್ತುವುದಿಲ್ಲ. ಬೇಸಲ್ ಸೆಲ್ ಕಾರ್ಸಿನೋಮ ಎಂಬ ನಿಧಾನಗತಿಯ ಬಗೆಯು ನಮ್ಮವರಲ್ಲಿ ಹೆಚ್ಚಾಗಿ ಕಪ್ಪು ಮಚ್ಚೆಯಂತೆಯೇ ಇದ್ದು, ಅಂಚು ತುಸು ಉಬ್ಬಿ, ಹಕ್ಕಳೆ ಕಟ್ಟಿ, ಅದು ಉದುರಿದಾಗ ರಕ್ತ ಜಿನುಗಿ, ಮತ್ತೆ ಹಕ್ಕಳೆ ಕಟ್ಟುತ್ತದೆ. ನರಹುಲಿ ಎಂದು ಭಾವಿಸಿ ಸುಣ್ಣ ಹಚ್ಚಿ ಸುಡುವವರಿದ್ದಾರೆ. ಮೇಲೆ ಮಾಯ್ದಂತೆ ಕಂಡರೂ ಗಡ್ಡೆ ಒಳಗೇ ಬೆಳೆಯುತ್ತಿರಬಹುದು.

ಮರಗಟ್ಟಿಸುವ ಸೂಜಿ ಕೊಟ್ಟು, ಮೂರು-ನಾಲ್ಕು ಮಿಲಿಮೀಟರಿನ ತುಣುಕು ತೆಗೆದು ಬಯಾಪ್ಸಿ ಮಾಡದೆ ಯಾವ ಚಿಕಿತ್ಸೆಯನ್ನೂ ನಿರ್ಧರಿಸಲಾಗದು. ಬೆನ್ನು, ಎದೆ, ತೋಳಿನ ಮೇಲೆ, ಚರ್ಮದ ಮೇಲ್ಪದರದಲ್ಲಷ್ಟೇ ಹರಡಿದ ಚಿಕ್ಕ ಗಾಯವಾದರೆ ಮುಲಾಮು ಸಾಕಾಗಬಹುದು. ಮೂಗು, ರೆಪ್ಪೆ, ಕಿವಿಯ ಬಳಿ ಬಂದದ್ದು, ಒಮ್ಮೆ ಹೋಗಿ ಮರುಕಳಿಸಿದ್ದು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಹುಟ್ಟಿದ ಕ್ಯಾನ್ಸರ್ ಈ ಲೆಕ್ಕಕ್ಕೆ ಬರುವುದಿಲ್ಲ.

ಮುಖ್ಯ ಮುಲಾಮು ಇಮಿಕ್ವಿಮೋಡ್. ವಾರಕ್ಕೆ 5 ರಾತ್ರಿಗಳಂತೆ 6 ವಾರ ಹಚ್ಚಿದರೆ, ಅದು ದೇಹದ ರೋಗನಿರೋಧಕ ಕಣಗಳನ್ನೇ ಆ ಜಾಗಕ್ಕೆ ಕರೆತರುತ್ತದೆ. ಎರಡು-ಮೂರು ವಾರಗಳಲ್ಲಿ ಚರ್ಮ ಕೆಂಪೇರಿ, ರಸಿಕೆ ಒಸರಿ, ನೋಡಲು ರೋಗಕ್ಕಿಂತ ಭೀಕರವಾಗುತ್ತದೆ. ಅಲರ್ಜಿಯಾಯಿತೆಂದು ಬಹಳ ಮಂದಿ ಮುಲಾಮು ಬಿಡುವುದು ಇಲ್ಲಿಯೇ. ಸಾಮಾನ್ಯವಾಗಿ ಅದು ಔಷಧ ಕೆಲಸ ಮಾಡುತ್ತಿರುವ ಗುರುತು. ಉರಿ ತಡೆಯಲಾಗದಿದ್ದರೆ ವೈದ್ಯರು ಕೆಲದಿನ ಬಿಡುವು ಕೊಡುತ್ತಾರೆ, ತಾವಾಗಿ ನಿಲ್ಲಿಸಬಾರದು. ಫ್ಲೂರೋಯುರಾಸಿಲ್ ಮುಲಾಮೂ ಇದೆ. ಬೆಳಕಿನ ಚಿಕಿತ್ಸೆಯಲ್ಲಿ ಬೆಳಕಿಗೆ ಸ್ಪಂದಿಸುವ ಬೇರೊಂದು ಮುಲಾಮು ಲೇಪಿಸಿ, ಸುಮಾರು ಮೂರು ಗಂಟೆ ಕಾದು, ಕೆಂಪು ಬೆಳಕು ಹಾಯಿಸುತ್ತಾರೆ. ಆ ಸಲಕರಣೆ ಎಲ್ಲ ಆಸ್ಪತ್ರೆಗಳಲ್ಲಿರುವುದಿಲ್ಲ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ವಿಧಾನ ಬೇಗ ಮುಗಿಯುವುದಾದರೂ ನಮ್ಮ ಚರ್ಮದ ಮೇಲೆ ಬಿಳಿಯ ಕಲೆ ಉಳಿಸಬಹುದು. ವಿಕಿರಣ ಚಿಕಿತ್ಸೆಯನ್ನು ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ಮೀಸಲಿಡುವುದೇ ಸರಿ.

ಫಲ ಎಷ್ಟು? ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ ಐದು ವರ್ಷಗಳ ನಂತರ ರೋಗ ಮರಳದೆ ಉಳಿದವರು ಇಮಿಕ್ವಿಮೋಡ್ ಹಚ್ಚಿದವರಲ್ಲಿ ನೂರಕ್ಕೆ ಸುಮಾರು 80, ಫ್ಲೂರೋಯುರಾಸಿಲ್‌ನಲ್ಲಿ 70, ಬೆಳಕಿನ ಚಿಕಿತ್ಸೆಯಲ್ಲಿ 63. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಯಶಸ್ಸು ನೂರಕ್ಕೆ 97ನ್ನು ಮೀರಿತ್ತು. ಕತ್ತರಿಸಿ ತೆಗೆದ ಭಾಗದ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು. ಮುಲಾಮಿನಲ್ಲಿ ಆ ಅನುಕೂಲವಿಲ್ಲದ್ದರಿಂದ ವರ್ಷಗಟ್ಟಲೆ ತಪಾಸಣೆ ಬೇಕು. ಹೀಗಾಗಿ ಒಂದು ದಿನದ ಕೂಲಿ ಬಿಟ್ಟು ಜಗಳೂರಿನಿಂದ ದಾವಣಗೆರೆಗೆ ಬಸ್ಸು ಹತ್ತಬೇಕಾದವರಿಗೆ ಒಮ್ಮೆಗೇ ಹೊಲಿಗೆ ಹಾಕಿಸಿಕೊಂಡು ಮುಗಿಸುವುದೇ ಹಗುರವಾದೀತು. ಈ ಕಷ್ಟವನ್ನೂ ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳಿ.