ತೋಟದ ನೆರಳು, ಬೆಟ್ಟದ ಮಳೆ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಡಗಿನ ಯಾವುದಾದರೂ ಹಳೆಯ ಕಾಫಿ ತೋಟಕ್ಕೆ ಹೋಗಿ, ಗಿಡದ ಬುಡಕ್ಕೆ ಕೈ ಹಾಕಿ ನೋಡಿ. ಮೇಲೆ ಗರಿಗರಿ ತರಗೆಲೆ. ಅದನ್ನು ಸರಿಸಿದರೆ ಅರೆಕೊಳೆತ ಎಲೆ, ಅದರ ನಡುವೆ ಬೂಷ್ಟಿನ ಬಿಳಿ ಎಳೆಗಳು. ಇನ್ನೂ ಕೆಳಗೆ ಕಪ್ಪು ಮಣ್ಣು, ಬಿರುಬೇಸಿಗೆಯಲ್ಲೂ ತಣ್ಣಗಿರುತ್ತದೆ. ಹತ್ತು ಹೆಜ್ಜೆ ಆಚೆ ಮರ ಕಡಿದು ಬಯಲಾದ ಜಾಗದಲ್ಲಿ ಬೆರಳೂ ಇಳಿಯುವುದಿಲ್ಲ. ಮಳೆ ಎರಡೂ ಕಡೆ ಒಂದೇ ಸಮನೆ ಸುರಿಯುತ್ತದೆ. ಒಂದು ನೆಲ ಕುಡಿಯುತ್ತದೆ, ಇನ್ನೊಂದು ಹರಿಯಬಿಡುತ್ತದೆ.

ಮಾರ್ಚಿನ ಹೂಮಳೆಯನ್ನು ನಂಬಿ ಬದುಕಿದ ಸೀಮೆ ಇದು. ಆ ಮಳೆ ಬಿದ್ದರೆ ಕಾಫಿ ಅರಳುತ್ತದೆ, ಕೆಲವು ವಾರಗಳಲ್ಲಿ ಇನ್ನೊಂದು ಮಳೆಯಾದರೆ ಕಾಯಿ ಕಟ್ಟುತ್ತದೆ. ಈಗ ಆ ಲೆಕ್ಕ ತಪ್ಪುತ್ತಿದೆ. ಬೆಳೆಗಾರ ಕೆರೆ ತೋಡಿಸಿ ಸ್ಪ್ರಿಂಕ್ಲರ್ ಹಾಕುತ್ತಾನೆ. ಕಾಫಿಯ ಎರಡು ತಳಿಗಳಲ್ಲಿ ಅರೇಬಿಕಾ ಸೆಕೆ ತಡೆಯುವುದಿಲ್ಲ. ನೆರಳು ತೆಳುವಾಗಿ ಬಿಸಿಲಿಗೆ ಕಾದ ಕಾಂಡವೆಂದರೆ ಕಾಂಡಕೊರಕ ದುಂಬಿಗೆ ಬಲು ಇಷ್ಟ, ಅಲ್ಲಿಯೇ ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಗಿಡ ಸೊರಗುತ್ತದೆ. ಅದನ್ನು ಕಿತ್ತು ಇನ್ನೊಂದು ತಳಿಯಾದ ರೊಬಸ್ಟಾ ನೆಡುತ್ತಾರೆ. ರೊಬಸ್ಟಾಕ್ಕೆ ಬೆಳಕು ಹೆಚ್ಚು ಬೇಕೆಂದು ಮತ್ತಷ್ಟು ಮರ ಇಳಿಸುತ್ತಾರೆ. ಸೆಕೆ ಮರವನ್ನು ತೆಗೆಸಿತು, ಮರ ಹೋಗಿ ಸೆಕೆ ಇನ್ನೂ ಏರಿತು.

ಇದಕ್ಕೆ ಬೆಳೆಗಾರನನ್ನು ದೂರಲು ನನಗೆ ಮನಸ್ಸಿಲ್ಲ. ಗದ್ದೆಗೆ ಹೊಂದಿಕೊಂಡಂತೆ ಹಿಂದೆ ಕೊಟ್ಟ ಮರಗಳಿರುವ ಏರುಜಮೀನಿಗೆ ಇಲ್ಲಿ ಬಾಣೆ ಎನ್ನುತ್ತಾರೆ. ಅನೇಕ ಬಾಣೆ ಜಮೀನುಗಳಲ್ಲಿ ಬೀಟೆ, ನಂದಿ, ಹೊನ್ನೆ ಬೆಳೆದು ನಿಂತರೂ ಆ ಮರದ ಹಕ್ಕು ಸಾಗುವಳಿ ಮಾಡುವವನದಲ್ಲ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಆದರೆ ನೆಟ್ಟವನೇ ಸಲೀಸಾಗಿ ಮಾರಬಹುದು, ಕಾಳುಮೆಣಸಿನ ಬಳ್ಳಿಯನ್ನೂ ಹಬ್ಬಿಸಬಹುದು. ಹಾಗಿರುವಾಗ ಕಾಡುಮರವನ್ನು ಅವನು ಯಾಕಾಗಿ ಸಾಕಬೇಕು? ಕಾನೂನೇ ತೋಟದ ನೆರಳನ್ನು ಬದಲಿಸಿತು ಎಂದರೆ ಅತಿಶಯೋಕ್ತಿಯಲ್ಲ.

ಕಣಿವೆಯ ಗದ್ದೆಗಳದೂ ಇದೇ ಪಾಡು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಕೊಡವ ತಿಂಗಳ, ಮಳೆಯಲ್ಲಿ ಬದುವಿನ ತನಕ ನೀರು ನಿಲ್ಲಿಸಿಕೊಂಡು ನಿಧಾನವಾಗಿ ಒಳಗಿಳಿಸುತ್ತಿದ್ದ ಗದ್ದೆಗಳು ಆಳಿನ ಅಭಾವಕ್ಕೆ, ಆನೆ ಕಾಟಕ್ಕೆ ಪಾಳು ಬಿದ್ದಿವೆ. ಕೆಲವು ಶುಂಠಿಗೆ ಹೋದವು, ಕೆಲವನ್ನು ಮಣ್ಣು ತುಂಬಿಸಿ ನಿವೇಶನ ಮಾಡಿದರು.

ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿದರೆ ಏನಾಗುತ್ತದೆಂದು 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮದೆನಾಡು ಗುಡ್ಡಕುಸಿತದಲ್ಲಿ ಕಂಡವು. ಮರುವರ್ಷ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ದಟ್ಟ ಕಾಡಿದ್ದ ಇಳಿಜಾರುಗಳೂ ಕುಸಿದವು, ಅದನ್ನು ಮರೆಮಾಚಬಾರದು. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆಂದು ಗುಡ್ಡದ ಬುಡ ಕಡಿದು ಬರೆ (ಕಡಿದಾದ ಮಣ್ಣಿನ ಗೋಡೆ) ನಿಲ್ಲಿಸಿದ ಕಡೆಯೆಲ್ಲ ಗುಡ್ಡಕ್ಕೆ ಕಾಲೂರಲು ಆಸರೆಯೇ ಇರಲಿಲ್ಲ.

ಕಾಡುಮರ ಮತ್ತೆ ನೆಡಲು ದಾರಿಯಿದೆ. ಕೊಡಗಿನಲ್ಲಿ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅತ್ತಿ, ಬಸರಿ, ಹಲಸಿನ ಬೀಜಕ್ಕೆ ದೂರ ಹೋಗಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳು ಮರಗಳ ರೆಂಬೆ ಸವರುವ ಕೆಲಸ, ಮಾಡಿಸುವ ಬೆಳೆಗಾರರಲ್ಲಿ ನನ್ನದೊಂದು ವಿನಂತಿ: ಇಳಿಜಾರಿನ ಕಾಡುಮರದ ಬುಡಕ್ಕೆ ಈ ವರ್ಷ ಕೊಡಲಿ ಹಾಕಿಸಬೇಡಿ, ರೆಂಬೆ ಸವರಿ ಬಿಡಿ. ಜೂನಿನಲ್ಲಿ ಸಿಲ್ವರ್ ಓಕ್ ಸಾಲಿನ ನಡುನಡುವೆ ನಾಲ್ಕು ಹಲಸಿನ ಸಸಿ ನೆಡಿಸಿ. ಮರದ ಹಕ್ಕಿನ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ.

ನಮಸ್ಕಾರ.